ಗೆರೆಯೂ ಗಾರೆಯೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಹೇಳಿದ ಹಿರಿಯರು ಹಣದ ವೆಚ್ಚವನ್ನೂ ಮನಸ್ಸಿನ ವೆಚ್ಚವನ್ನೂ ಒಟ್ಟಿಗೆ ಎಣಿಸಿದ್ದರೆಂದು ತೋರುತ್ತದೆ. ಅವರ ಕಾಲದಲ್ಲಿ ಮೇಸ್ತ್ರಿಯು ಅಂಗಳದಲ್ಲಿ ಗೂಟ ನೆಟ್ಟು, ಹಗ್ಗ ಬಿಗಿದು, ಸುಣ್ಣದ ಪುಡಿಯಿಂದ ಗೆರೆ ಹಾಕಿದನೆಂದರೆ ನಕ್ಷೆಯೂ ಅದೇ, ತಳಪಾಯದ ಗುರುತೂ ಅದೇ. ಗೆರೆ ಹಾಕಿದ ಕೈಯೇ ಕಲ್ಲನ್ನು ಆರಿಸುತ್ತಿತ್ತು, ಮಣ್ಣನ್ನು ತುಳಿಸುತ್ತಿತ್ತು. ಈಗ ಹಾಗಲ್ಲ. ಮನೆಯು ನೆಲಕ್ಕೆ ಇಳಿಯುವ ಮೊದಲು ಎರಡು ಮೂರು ಗಣಕಯಂತ್ರಗಳನ್ನು ದಾಟಿ ಬರಬೇಕು. ಯೋಚನೆ ಒಂದೂರಿನಲ್ಲಿ, ನಕ್ಷೆ ಇನ್ನೊಂದೂರಿನಲ್ಲಿ, ಕೆಲಸ ಮತ್ತೊಂದೂರಿನಲ್ಲಿ. ಹೊಳೆ ದಾಟುವಾಗ ದೋಣಿಗೆ ಏನೇನು ಹತ್ತಿತು, ಏನೇನು ಆಚೆಯ ದಡದಲ್ಲಿಯೇ ಉಳಿಯಿತು ಎಂದು ಎಣಿಸಿ ನೋಡುವವರು ಕಡಮೆ. ಸಕಲೇಶಪುರದ ಕಡೆಯ ಒಂದು ಹಳೆಯ ಮನೆಯ ಬಡಗಣ ಗೋಡೆಯು ಒಬ್ಬ ನಕ್ಷೆಗಾರನಿಗೆ ಈ ಎಣಿಕೆಯನ್ನು ಕಲಿಸಿತು.

ಈ ನಕ್ಷೆಗಾರನು ಆಲೂರು ಸೀಮೆಯವನು. ತಂದೆ ಗಾರೆ ಕೆಲಸದವರು. ಮಗನು ಐ.ಟಿ.ಐ.ಯಲ್ಲಿ ನಕ್ಷೆಯ ವಿದ್ಯೆಯನ್ನು ಕಲಿತು, ಸಕಲೇಶಪುರದ ಪೇಟೆಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಇಪ್ಪತ್ತು ವರ್ಷದಿಂದ ಆಟೋಕ್ಯಾಡ್ ಎಂಬ ತಂತ್ರಾಂಶದಲ್ಲಿ ನಕ್ಷೆ ಬರೆದು ಜೀವನ ನಡೆಸುತ್ತಿದ್ದನು. ಮೇಸ್ತ್ರಿಗಳು ಓದುವುದು ಅವನ ನಕ್ಷೆಯನ್ನು; ಪರವಾನಗಿಗೆ ಕಚೇರಿಗೆ ಹೋಗುವುದೂ ಅವನ ನಕ್ಷೆಯೇ. ದೊಡ್ಡ ಊರಿನ ವಾಸ್ತುಶಿಲ್ಪಿಗಳು ಬೇರೆ ತಂತ್ರಾಂಶದಲ್ಲಿ ಮನೆಯನ್ನು ಯೋಚಿಸಿ ಕಳುಹಿಸಿದರೆ, ಅದನ್ನು ಇಲ್ಲಿನ ಕೆಲಸಕ್ಕೆ ಒದಗುವಂತೆ ತನ್ನ ತಂತ್ರಾಂಶಕ್ಕೆ ಇಳಿಸಿಕೊಡುವುದು ಅವನ ಉದ್ಯೋಗದ ಒಂದು ಭಾಗವಾಗಿತ್ತು. ಸಂಧಿಸ್ಥಾನದ ಕೆಲಸ. ಮಾಡಿದವನ ಹೆಸರು ಯಾರಿಗೂ ತಿಳಿಯುವುದಿಲ್ಲ. ತಪ್ಪಿದಾಗ ಮಾತ್ರ ತಿಳಿಯುತ್ತದೆ.

ಆ ಹಳೆಯ ಮನೆಯಿರುವುದು ದೋಣಿಗಾಲನ್ನು ದಾಟಿ, ಮಂಗಳೂರಿನ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ಹೋಗುವ ದಾರಿಯಲ್ಲಿ, ಕಾಫಿತೋಟದ ನಡುವೆ. ತೊಟ್ಟಿಯ ಮನೆ. ಮೊಳಕ್ಕೂ ಮಿಕ್ಕ ದಪ್ಪದ ಮಣ್ಣಿನ ಗೋಡೆಗಳು, ಕಾಡುಮರದ ಕಂಬ ಮತ್ತು ತೊಲೆಗಳು, ಮೇಲೆ ಮಂಗಳೂರು ಹೆಂಚು. ಮನೆಯಲ್ಲಿ ಎಂಬತ್ತು ದಾಟಿದ ಯಜಮಾನಿತಿ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಹಬ್ಬಕ್ಕೂ ಹಣ್ಣು ಕೊಯ್ಯುವ ಕಾಲಕ್ಕೂ ಬಂದು ಹೋಗುವವರು. ಹೊಸ ಮನೆ ಕಟ್ಟಿಸೋಣವೆಂದು ಮಕ್ಕಳು, ಇದನ್ನೇ ನಿಲ್ಲಿಸಿಕೊಡಿರೆಂದು ತಾಯಿ. ಈ ಮಾತು ನಾಲ್ಕು ವರ್ಷ ನಡೆದು, ಕೊನೆಗೆ ತಾಯಿಯ ಮಾತೇ ಗೆದ್ದಿತು. ಬೆಂಗಳೂರಿನ ಒಬ್ಬ ವಾಸ್ತುಶಿಲ್ಪಿಯು ಬಂದು, ಎರಡು ದಿನ ಉಳಿದು, ಗೋಡೆಯನ್ನು ಬೆರಳಿನಿಂದ ಕೆರೆದು ನೋಡಿ, ಅಳತೆಗಳನ್ನು ತೆಗೆದುಕೊಂಡು ಹೋದಳು. ಆಕೆ ಇಡೀ ಮನೆಯನ್ನು ರೆವಿಟ್ ಎಂಬ ತಂತ್ರಾಂಶದಲ್ಲಿ ಕಟ್ಟಿದಳು.

ಇಲ್ಲಿ "ಕಟ್ಟಿದಳು" ಎಂಬುದು ಅಲಂಕಾರದ ಮಾತಲ್ಲ. ಆಟೋಕ್ಯಾಡ್ 1982ರಲ್ಲಿ ಹುಟ್ಟಿದ್ದು. ಅದು ಮೂಲತಃ ನಕ್ಷೆಯ ಹಲಗೆ, ಸ್ಕೇಲು, ಪೆನ್ಸಿಲುಗಳ ಬದಲಿಗೆ ಬಂದ ಸಾಧನ. ಅದರ ನೆಲದ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆ. ಆ ಎರಡು ಗೆರೆಗಳ ನಡುವೆ ಗೋಡೆ ಇದೆಯೆಂದು ಓದುವವನು ತಿಳಿದುಕೊಳ್ಳಬೇಕು. ರೆವಿಟ್ 2000ದಲ್ಲಿ ಮೊದಲು ಹೊರಬಂದದ್ದು. ಅದರಲ್ಲಿ ಬರೆಯುವುದು ಗೆರೆಯನ್ನಲ್ಲ, ಗೋಡೆಯನ್ನೇ. ಗೋಡೆಗೆ ಒಳಗಿನ ತಿರುಳೆಷ್ಟು, ಹೊರಗಿನ ಗಾರೆಯೆಷ್ಟು, ಒಂದೊಂದು ಪದರವೂ ಯಾವ ಸಾಮಗ್ರಿಯದು ಎಂಬುದನ್ನೆಲ್ಲ ಹೇಳಬಹುದು. ಒಂದೊಂದು ಸಾಮಗ್ರಿಗೂ ಅಲ್ಲಿ ಐದು ಮುಖಗಳುಂಟು. ಅದರ ಹೆಸರು, ವಿವರಣೆ, ತಯಾರಿಸಿದವರು ಮುಂತಾದುದು ಒಂದು. ನಕ್ಷೆಯಲ್ಲಿ ಅದು ಯಾವ ಬಣ್ಣದಿಂದ, ಯಾವ ಓರೆಗೆರೆಯಿಂದ ಕಾಣಬೇಕೆಂಬುದು ಎರಡು. ಬೆಳಕು ಬಿದ್ದಾಗ ಚಿತ್ರದಲ್ಲಿ ಹೇಗೆ ತೋರಬೇಕೆಂಬುದು ಮೂರು. ಎಷ್ಟು ಭಾರ ಹೊರುತ್ತದೆಂಬುದು ನಾಲ್ಕು. ಶಾಖವನ್ನು ಎಷ್ಟು ಬಿಡುತ್ತದೆ, ಎಷ್ಟು ಹಿಡಿಯುತ್ತದೆಂಬುದು ಐದು. ಹಳೆಯ ಮೇಸ್ತ್ರಿಗಳು ಅಂಗೈಯಲ್ಲಿ ಮಣ್ಣನ್ನು ಹಿಸುಕಿ ನೋಡಿ ತಿಳಿಯುತ್ತಿದ್ದ ಸಂಗತಿಗಳಲ್ಲಿ ಕೆಲವನ್ನು ಇಲ್ಲಿ ಅಂಕೆಗಳಾಗಿ ಬರೆದಿಡಬಹುದು.

2002ರಲ್ಲಿ ರೆವಿಟ್ಟನ್ನು ಆಟೋಡೆಸ್ಕ್ ಎಂಬ ಸಂಸ್ಥೆಯು ಕೊಂಡುಕೊಂಡಿತು. ಆಟೋಕ್ಯಾಡ್ ಮೊದಲಿನಿಂದಲೂ ಅದರದೇ. ಅಂದಿನಿಂದ ಇವೆರಡೂ ಒಂದೇ ಮನೆಯ ವಾರಗಿತ್ತಿಯರು. ಆದರೆ ವಾರಗಿತ್ತಿಯರು ಒಬ್ಬರಿಗೊಬ್ಬರು ಪಾತ್ರೆಯನ್ನು ಕೊಟ್ಟಷ್ಟು ಸುಲಭವಾಗಿ ಅಡಿಗೆಯ ಹದವನ್ನು ಕೊಡುವುದಿಲ್ಲವಷ್ಟೆ. ರೆವಿಟ್‌ನಿಂದ ನೆಲದ ನಕ್ಷೆಯನ್ನು ಆಟೋಕ್ಯಾಡಿಗೆ ಕಳುಹಿಸಿದಾಗ ಗೆರೆಗಳು ಒಂದು ಕೂದಲೆಳೆಯೂ ತಪ್ಪದೆ ಬರುತ್ತವೆ. ಆದರೆ ಗೋಡೆಯು ಗೋಡೆಯಾಗಿ ಬರುವುದಿಲ್ಲ. ಗೆರೆಗಳ ಗುಂಪಾಗಿ ಬರುತ್ತದೆ. ಆ ಗೆರೆಗಳು ಸೇರುವ ಲೇಯರಿನ ಹೆಸರನ್ನು ಕಳುಹಿಸುವವರು ಬೇರೆಯಾಗಿ ನಿಯಮಿಸದಿದ್ದರೆ, ಮಣ್ಣಿನ ಗೋಡೆಯೂ ಕಲ್ಲಿನ ಗೋಡೆಯೂ ಇಟ್ಟಿಗೆಯ ಗೋಡೆಯೂ "ಎ-ವಾಲ್" ಎಂಬ ಒಂದೇ ಚೀಲದಲ್ಲಿ ಬೀಳುತ್ತವೆ. ಐದು ಮುಖಗಳಲ್ಲಿ ಎರಡನೆಯದು ಮಾತ್ರ, ಅದೂ ಅರ್ಧ, ಹೊಳೆ ದಾಟುತ್ತದೆ: ಒಳಭಾಗವನ್ನು ತುಂಬುವ ಓರೆಗೆರೆ ಚುಕ್ಕಿಗಳು. ಈ ತುಂಬುಚಿತ್ರವನ್ನು ಕೆಲಸದವರು ಹ್ಯಾಚ್ ಎನ್ನುತ್ತಾರೆ. ಉಳಿದ ಮುಖಗಳು ಆಚೆಯ ದಡದಲ್ಲಿ.

ಆಟೋಕ್ಯಾಡಿಗೂ ತನ್ನದೇ ಆದ ಸಾಮಗ್ರಿಗಳ ಏರ್ಪಾಡು ಇಲ್ಲವೆಂದಲ್ಲ. ಅದರ ಪ್ರತಿಯೊಂದು ಕಡತದಲ್ಲಿಯೂ "ಗ್ಲೋಬಲ್" ಎಂಬ ಒಂದು ಸಾಮಗ್ರಿ ಯಾವಾಗಲೂ ಇರುತ್ತದೆ. ಬೇರೆ ಯಾವುದನ್ನೂ ಹೇಳದಿದ್ದಲ್ಲಿ ವಸ್ತುವಿಗೆ ಅದೇ ಹತ್ತಿಕೊಳ್ಳುತ್ತದೆ. ಅದಕ್ಕೆ ಊರಿಲ್ಲ, ಮಳೆಯಿಲ್ಲ, ಭಾರವಿಲ್ಲ. ಜಗತ್ತಿಗೆಲ್ಲ ಸಲ್ಲುವಂತಹುದು ಎಂಬ ಹೆಸರಿದ್ದರೂ ಜಗತ್ತಿನ ಯಾವ ಗೋಡೆಗೂ ಸಲ್ಲದು.

2024ರ ಬೇಸಿಗೆಯಲ್ಲಿ ಮನೆಯ ಕಡತವು ನಕ್ಷೆಗಾರನ ಕೋಣೆಗೆ ಬಂದಿತು. ತೆರೆದಾಗ ಎರಡು ವಿಚಿತ್ರಗಳು ಕಂಡುವು. ಗೋಡೆಯ ಒಳಗೆ ಅವನು ಎಂದೂ ನೋಡದ ಒಂದು ಹ್ಯಾಚ್. ಅದೂ ಇರಬೇಕಾದ ಗಾತ್ರದಲ್ಲಿರದೆ, ಗೋಡೆಯನ್ನು ಕಪ್ಪು ಮಸಿಯಿಂದ ಬಳಿದಂತೆ ಒತ್ತಿಕೊಂಡಿತ್ತು. ಇದಕ್ಕೆ ಕಾರಣವನ್ನು ಅವನು ಬಲ್ಲವನೇ. ಹ್ಯಾಚಿನ ಅಚ್ಚನ್ನು ಒಬ್ಬರು ಅಂಗುಲದಲ್ಲಿ ಬರೆದು, ಇನ್ನೊಬ್ಬರು ಮಿಲಿಮೀಟರಿನಲ್ಲಿ ಓದಿದರೆ, ಒಂದು ಅಂಗುಲಕ್ಕೆ 25.4 ಮಿಲಿಮೀಟರಾದುದರಿಂದ, ಚಿತ್ರವು ಅಷ್ಟು ಪಾಲು ಹಿಗ್ಗುತ್ತದೆ ಇಲ್ಲವೆ ಕುಗ್ಗುತ್ತದೆ. ಎರಡನೆಯದಾಗಿ, ಗೋಡೆಯ ಹೊರಮೈಯಲ್ಲಿ ಇಪ್ಪತ್ತು ಮಿಲಿಮೀಟರು ಅಂತರದಲ್ಲಿ ಒಂದು ತೆಳುಗೆರೆ ಇದ್ದಿತು. ಅದರ ಮೇಲೆ ಯಾವ ಬರಹವೂ ಇರಲಿಲ್ಲ. ನಕ್ಷೆಗಾರನು ಕಪ್ಪಾದ ಹ್ಯಾಚನ್ನು ಅಳಿಸಿದನು. ತನ್ನ ಬಳಿ ಇದ್ದ ಓರೆಗೆರೆಯನ್ನು ತುಂಬಿದನು. ತೆಳುಗೆರೆಗೆ ಬಾಣವನ್ನಿಟ್ಟು "ಗಾರೆ, 20 ಮಿ.ಮೀ." ಎಂದು ಬರೆದನು. ನಕ್ಷೆ ಸೊಗಸಾಗಿ ಕಂಡಿತು. ಅಂದಿನ ಸಂಜೆಯೇ ಅದು ಮೇಸ್ತ್ರಿಯ ಕೈಗೆ ಹೋಯಿತು.

ಮೇಸ್ತ್ರಿಯು ಮಳೆಗಾಲಕ್ಕೆ ಮುಂಚೆ ಬಡಗಣ ಕೋಣೆಯೊಂದನ್ನು ಮುಗಿಸಿದನು. ಗೋಡೆಯ ಹಳೆಯ ಮೈಯನ್ನು ಕೆತ್ತಿ, ಕೋಳಿಜಾಲರಿಯನ್ನು ಮೊಳೆ ಹೊಡೆದು ಬಿಗಿದು, ಸಿಮೆಂಟು ಮರಳಿನ ಗಾರೆಯನ್ನು ನುಣ್ಣಗೆ ತಿಕ್ಕಿದನು. ಗೋಡೆ ಕನ್ನಡಿಯಂತಾಯಿತು. ಉಳಿದ ಗೋಡೆಗಳನ್ನು ಮಳೆ ಕಳೆದ ಮೇಲೆ ಹಿಡಿಯುವುದೆಂದು ನಿಶ್ಚಯವಾಯಿತು.

ಆ ವರ್ಷದ ಮಳೆಯನ್ನು ಈ ಸೀಮೆಯವರು ಮರೆಯಲಾರರು. ಜುಲೈ ತಿಂಗಳಿನಲ್ಲಿ ಎಡಕುಮೇರಿ ಕಡಗರವಳ್ಳಿಗಳ ನಡುವೆ ಗುಡ್ಡ ಕುಸಿದು ಮಂಗಳೂರಿನ ರೈಲುಗಳು ನಿಂತುಹೋದುವು. ಘಾಟಿಯ ರಸ್ತೆಯೂ ಮಣ್ಣಿನಡಿಗೆ ಬಿದ್ದಿತು. ಆಲೂರಿನಿಂದ ಸಕಲೇಶಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಕಾಗದು. ಆದರೆ ಮಳೆಯ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ದೇಶಗಳು. ಪಡುವಣಕ್ಕೆ ಹೋದಂತೆಲ್ಲ ಮಳೆ ಏರುತ್ತದೆ. ಘಾಟಿಯ ಅಂಚಿನಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕು ಬೀಳುತ್ತದೆ. ತಿಂಗಳುಗಟ್ಟಲೆ ಹಾಸಿಗೆಯೂ ಆರುವುದಿಲ್ಲ, ಗೋಡೆಯೂ ಆರುವುದಿಲ್ಲ. ಅಕ್ಟೋಬರ್ ತಿಂಗಳಿನ ಒಂದು ರಾತ್ರಿ ಬಡಗಣ ಕೋಣೆಯಲ್ಲಿ ಚೀಲ ಬಿದ್ದಂತೆ ಸದ್ದಾಯಿತು. ಬೆಳಗಾದ ಮೇಲೆ ನೋಡಿದರೆ ಮೊಣಕಾಲೆತ್ತರದಿಂದ ಎದೆಯೆತ್ತರದವರೆಗೆ ಗಾರೆಯು ಹಲಗೆಯಂತೆ ಕಳಚಿ ಬಿದ್ದಿತ್ತು. ಅದರ ಬೆನ್ನಿಗೆ ಅಂಟಿಕೊಂಡು ಹಳೆಯ ಗೋಡೆಯ ಮಣ್ಣೂ ನಾಲ್ಕು ಬೆರಳು ದಪ್ಪ ಬಂದಿತ್ತು. ನೂರು ಮಳೆಗಾಲ ಕಂಡ ಗೋಡೆಯು ಒಂದೇ ಮಳೆಗಾಲದಲ್ಲಿ ಬಸಿರು ಬಿಟ್ಟಂತೆ ಉಬ್ಬಿ ಒಡೆದಿತ್ತು.

ಕಾರಣವು ಗೂಢವಾದುದಲ್ಲ. ಇಂತಹ ಹಳೆಯ ಮನೆಯ ಗೋಡೆಯು ನೆಲದಿಂದ ತೇವವನ್ನು ಹೀರುತ್ತದೆ. ಅದನ್ನು ತಡೆಯುವ ಪದರವನ್ನು ಆ ಕಾಲದವರು ತಳಪಾಯದಲ್ಲಿ ಇಡುತ್ತಿರಲಿಲ್ಲ. ಹೀರಿದ ನೀರು ಹೊರಮೈಯಿಂದ ಆರಿಹೋಗಬೇಕು. ಸುಣ್ಣದ ಗಾರೆಯು ಅದಕ್ಕೆ ಎಡೆಗೊಡುತ್ತದೆ. ಸಿಮೆಂಟಿನ ಗಾರೆಯು ಬಿಗಿ. ಅದು ಹೊರಗಿನ ನೀರನ್ನು ಎಷ್ಟು ತಡೆಯುತ್ತದೆಯೋ ಒಳಗಿನ ನೀರನ್ನೂ ಅಷ್ಟೇ ತಡೆಯುತ್ತದೆ. ಜೊತೆಗೆ ಮಣ್ಣು ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುವಂತಹುದು, ಸಿಮೆಂಟು ಬಾಗದು. ಹೀಗೆ ಒಂದನ್ನೊಂದು ಒಲ್ಲದ ಎರಡು ಮೈಗಳನ್ನು ಮೊಳೆ ಹೊಡೆದು ಕೂಡಿಸಿದಂತಾಗಿತ್ತು.

ಮನೆಯವರು ಮೊದಲು ಕೈಮಾಡಿದ್ದು ಮೇಸ್ತ್ರಿಯ ಕಡೆಗೆ. ಮಕ್ಕಳು ಬೆಂಗಳೂರಿನಿಂದ ಬಂದು, ಬಾಕಿಯ ಕಂತನ್ನು ತಡೆಹಿಡಿದು, ಬೇರೆ ಕೆಲಸದವರನ್ನು ಗೊತ್ತುಮಾಡುವುದಾಗಿ ಹೇಳಿದರು. ಮೇಸ್ತ್ರಿಯ ಕೈಯಲ್ಲಿದ್ದ ಏಕಮಾತ್ರ ಆಧಾರ ಆ ನಕ್ಷೆ. ಅದರಲ್ಲಿ "ಗಾರೆ" ಎಂದಿತ್ತು. ಅವನು ಗಾರೆಯನ್ನೇ ಮಾಡಿದ್ದನು. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸುದ್ದಿಯು ಪೇಟೆಯ ಕೋಣೆಗೂ ಮುಟ್ಟಿತು. ನಕ್ಷೆಗಾರನು ಅಂದು ರಾತ್ರಿ ವಾಸ್ತುಶಿಲ್ಪಿಯಿಂದ ಮೂಲ ಕಡತವನ್ನೇ ತರಿಸಿಕೊಂಡು, ಪರಿಚಯದವನೊಬ್ಬನ ಯಂತ್ರದಲ್ಲಿ ರೆವಿಟ್ಟಿನಲ್ಲಿಯೇ ತೆರೆದು ನೋಡಿದನು. ಬಡಗಣ ಗೋಡೆಯ ಮೇಲೆ ಒತ್ತಿದರೆ ಅದರ ಪದರಗಳು ತೆರೆದುಕೊಂಡುವು. ಹೊರಮೈಯ ಇಪ್ಪತ್ತು ಮಿಲಿಮೀಟರಿನ ಎದುರಿಗೆ ಸಾಮಗ್ರಿಯ ಹೆಸರು ಇದ್ದಿತು. ಅದರ ವಿವರಣೆಯಲ್ಲಿ, ಅರಳಿಸಿದ ಸುಣ್ಣ ಮತ್ತು ಮರಳು, ಸಿಮೆಂಟು ಸೇರಿಸಕೂಡದು ಎಂದು ಸ್ಪಷ್ಟವಾಗಿ ಬರೆದಿತ್ತು. ಆಕೆ ಹೇಳಿದ್ದಳು. ಮಾತು ಹೊರಟಿತ್ತು, ಮುಟ್ಟಿರಲಿಲ್ಲ. ನಡುವೆ ಖಾಲಿಯಾಗಿ ಬಂದ ಜಾಗವನ್ನು ಕೇಳಿ ತುಂಬುವ ಬದಲು ತನ್ನ ಅಭ್ಯಾಸದಿಂದ ತುಂಬಿದವನು ತಾನು. ಆಲೂರಿನ ತನ್ನ ಮನೆ ಇಟ್ಟಿಗೆಯದು, ಅದರ ಗಾರೆ ಸಿಮೆಂಟಿನದು, ಅದು ಚೆನ್ನಾಗಿಯೇ ನಿಂತಿದೆ. "ಗಾರೆ" ಎಂದು ಬರೆದಾಗ ಅವನ ಕಣ್ಣಿನ ಮುಂದೆ ಇದ್ದುದು ಆ ಗೋಡೆಯೇ ಹೊರತು ಈ ಗೋಡೆಯಲ್ಲ. ತಂತ್ರಾಂಶಕ್ಕೆ ಒಂದು "ಗ್ಲೋಬಲ್" ಇದ್ದಂತೆ ಮನುಷ್ಯನಿಗೂ ಒಂದು ಇರುತ್ತದೆ; ಅದು ಸಾಮಾನ್ಯವಾಗಿ ಅವನ ಹುಟ್ಟೂರು.

ಸುಮ್ಮನಿರುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಮೂಲ ಕಡತವನ್ನು ಮನೆಯವರು ತೆರೆಯಲಾರರು. ಮೇಸ್ತ್ರಿಗೆ ಅದರ ಹೆಸರೂ ತಿಳಿಯದು. ಇಪ್ಪತ್ತು ವರ್ಷದ ಹೆಸರು ಒಂದು ಶಬ್ದದ ತಪ್ಪಿನಿಂದ ಹೋಗುವುದಾದರೆ ಬಾಡಿಗೆಯ ಕೋಣೆಯನ್ನು ಮುಚ್ಚಬೇಕಾಗಿ ಬರಬಹುದು. ಮರುದಿನ ಬೆಳಗ್ಗೆ ಈ ಲೆಕ್ಕವನ್ನೆಲ್ಲ ಹಾಕುತ್ತಲೇ ಅವನು ಬೈಸಿಕಲ್ಲಿನಷ್ಟು ಮೆಲ್ಲಗೆ ಮೋಟಾರುಸೈಕಲ್ಲನ್ನು ನಡೆಸಿಕೊಂಡು ದೋಣಿಗಾಲಿನ ಕಡೆಗೆ ಹೋದನು.

ಆ ದಾರಿಯಲ್ಲಿ ಮಂಜರಾಬಾದಿನ ಕೋಟೆಯ ಗುಡ್ಡವಿದೆ. ಮಂಜು ಕವಿದಿತ್ತು, ಕೋಟೆಯ ಹೆಸರನ್ನು ಜನರು ಆ ಮಂಜಿನಿಂದಲೇ ಬಂದುದೆಂದು ಹೇಳುತ್ತಾರೆ. ಟಿಪ್ಪು ಸುಲ್ತಾನನು ಕಟ್ಟಿಸಿ 1792ರಲ್ಲಿ ಮುಗಿದ ಕೋಟೆಯದು. ಎಂಟು ಮೂಲೆಗಳ ನಕ್ಷತ್ರದ ಆಕಾರ. ಅದರ ಮಾದರಿ ಈ ನಾಡಿನದಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ವೊಬಾನ್ ಎಂಬ ಯಂತ್ರಶಾಸ್ತ್ರಜ್ಞನ ಕೈಯಲ್ಲಿ ಪ್ರಸಿದ್ಧಿಗೆ ಬಂದ ಕೋಟೆಯ ಕ್ರಮ. ಒಳಗೆ ನಿಂತವನಿಗೆ ನಕ್ಷತ್ರವು ಕಾಣುವುದಿಲ್ಲ. ಅದು ಕಾಗದಕ್ಕೆ ಕಾಣುತ್ತದೆ, ಆಕಾಶಕ್ಕೆ ಕಾಣುತ್ತದೆ. ಸಮುದ್ರಗಳನ್ನು ದಾಟಿ ಈ ಗುಡ್ಡಕ್ಕೆ ಬಂದದ್ದು ಆ ಗೆರೆ. ಆದರೆ ಗೆರೆಯ ಜೊತೆಯಲ್ಲಿ ಫ್ರಾನ್ಸಿನ ಕಲ್ಲು ಬರಲಿಲ್ಲ. ಹೊರಗೋಡೆಗೆ ಕಗ್ಗಲ್ಲು, ಅದರ ಸಂದಿಗೆ ಸುಣ್ಣ. ಕಟ್ಟಿದವರು ನಕ್ಷೆಯನ್ನು ಮಾತ್ರ ಓದಿದ್ದರೆ ಕೋಟೆ ಇಷ್ಟು ಮಳೆಗಾಲಗಳನ್ನು ಕಳೆಯುತ್ತಿತ್ತೆ? ಗೆರೆಯನ್ನು ಹೊರಗಿನಿಂದ ತರಬಹುದು, ಮೈಯನ್ನು ಮಾತ್ರ ನಿಲ್ಲುವ ಜಾಗವನ್ನು ಬಲ್ಲವರೇ ಕೂಡಿಸಬೇಕು ಎಂಬುದು ಆ ಕಲ್ಲುಗಳನ್ನು ನೂರು ಸಲ ನೋಡಿದ್ದ ನಕ್ಷೆಗಾರನಿಗೆ ಅಂದು ಮಂಜಿನಲ್ಲಿ ಮೊದಲ ಸಲ ಕಂಡಿತು.

ಮನೆಯ ಜಗಲಿಯಲ್ಲಿ ಯಜಮಾನಿತಿ ಕುಳಿತಿದ್ದರು. ಮೇಸ್ತ್ರಿಯೂ ಬಾಕಿ ಹಣವನ್ನು ಕೇಳುವುದಕ್ಕೆ ಬಂದು ಅಂಗಳದಲ್ಲಿ ನಿಂತಿದ್ದನು. ನಕ್ಷೆಗಾರನು ಹೆಚ್ಚು ಪೀಠಿಕೆಯಿಲ್ಲದೆ ನಡೆದುದನ್ನು ಹೇಳಿದನು.

"ತಪ್ಪು ಮೇಸ್ತ್ರಿಯದಲ್ಲ ಅಮ್ಮಾ. ಮೇಡಮ್ಮು ಸುಣ್ಣದ ಗಾರೆ ಅಂತಲೇ ಬರೆದಿದ್ದರು. ನನ್ನ ಕೈಗೆ ಬರುವಾಗ ಅದು ಬಿಟ್ಟುಹೋಗಿತ್ತು. ನಾನು ಕೇಳಲಿಲ್ಲ. ಬರೀ ಗಾರೆ ಅಂತ ಬರೆದುಬಿಟ್ಟೆ."

ಯಜಮಾನಿತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೇಸ್ತ್ರಿಯ ಕಡೆಗೆ ತಿರುಗಿದರು. "ಅಲ್ಲ ಕಣಪ್ಪ, ಗಾರೆ ಅಂದ್ರೆ ಸುಣ್ಣ ಅಲ್ವೇನೋ? ನಮ್ಮಾವ ಇದ್ದಾಗ ಗಾಣದಲ್ಲಿ ಅರೀತಿದ್ರು."

"ಅದು ಆಗ ಅಮ್ಮಾವ್ರೇ. ಈಗ ಗಾರೆ ಅಂದ್ರೆ ಸಿಮೆಂಟೇ. ಸುಣ್ಣ ಅಂತ ಬರೆದಿದ್ರೆ ಸುಣ್ಣಾನೇ ಹಾಕ್ತಿದ್ದೆ. ನಮ್ಮಪ್ಪನ ಕಾಲದಲ್ಲಿ ಮಾಡಿದ ಕೈ ಇದು."

"ಗೋಡೆಗೆ ಉಸಿರು ಕಟ್ಟಿಸಿಬಿಟ್ರಲ್ಲಪ್ಪ ಇಬ್ಬರೂ ಸೇರ್ಕೊಂಡು" ಎಂದರು ಅವರು. ಮಾತಿನಲ್ಲಿ ಸಿಟ್ಟಿತ್ತು, ಆದರೆ ಒಳಗೆ ನೋಡಿ, "ಇವರಿಬ್ಬರಿಗೂ ಕಾಫಿ ತಾರವ್ವ" ಎಂದು ಕೆಲಸದ ಹುಡುಗಿಯನ್ನು ಕೂಗಿದರು. ಅಂದೇ ಮಕ್ಕಳಿಗೆ ಫೋನು ಹೋಯಿತು. ಮೇಸ್ತ್ರಿಯ ಕಂತು ವಾರದೊಳಗೆ ಬಂದಿತು. ಕೆಟ್ಟ ಗಾರೆಯನ್ನು ಕೆತ್ತಿಸುವ ಕೂಲಿಯನ್ನು ನಕ್ಷೆಗಾರನು ತಾನೇ ಕೊಟ್ಟನು. ಅವರು ಕೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಅಂದಿನ ಮಾತಿನಲ್ಲಿ ನಕ್ಷೆಗಾರನ ಮನಸ್ಸನ್ನು ಹಿಡಿದದ್ದು "ಗಾರೆ" ಎಂಬ ಶಬ್ದ. ಅಜ್ಜಿಗೂ ಮೇಸ್ತ್ರಿಗೂ ಹೆಸರು ಒಂದೇ, ವಸ್ತು ಎರಡು. ತಂತ್ರಾಂಶದಲ್ಲಿಯೂ ನಡೆಯುವುದು ಇದೇ. ರೆವಿಟ್‌ನ ಒಂದು ಕಡತದಿಂದ ಇನ್ನೊಂದಕ್ಕೆ ಸಾಮಗ್ರಿಗಳನ್ನು ಸಾಗಿಸುವಾಗ, ಅದೇ ಹೆಸರಿನ ಸಾಮಗ್ರಿಯು ಅಲ್ಲಿ ಮೊದಲೇ ಇದ್ದರೆ, ಹಳೆಯದನ್ನು ಅಳಿಸಿ ಬರೆಯಲೋ ಇಲ್ಲದ ಹೊಸದನ್ನು ಮಾತ್ರ ಸೇರಿಸಲೋ ಎಂದು ಅದು ಕೇಳುತ್ತದೆ. ಎರಡನೆಯದನ್ನು ಒಪ್ಪಿದರೆ ಹೆಸರು ಹೋದಲ್ಲಿಗೆ ಹೋಗಿ ನಿಲ್ಲುತ್ತದೆ. ಗುಣ ಮಾತ್ರ ಅಲ್ಲಿ ಮೊದಲಿದ್ದುದೇ. ಇನ್ನು ಹೆಸರು ಒಂದಕ್ಷರ ಬೇರೆಯಾಗಿದ್ದರೆ ಒಂದೇ ವಸ್ತುವು ಎರಡಾಗುತ್ತದೆ. ತೋರಿಕೆಯ ಚಿತ್ರಗಳ ಪಾಡೂ ಹೀಗೆಯೇ. ಹೆಂಚಿನ ಕೆಂಪನ್ನೂ ಮರದ ಎಳೆಯನ್ನೂ ತೋರುವ ಚಿತ್ರವು ಕಡತದ ಒಳಗೆ ಇರುವುದಿಲ್ಲ; ಅದು ಇರುವ ಜಾಗದ ವಿಳಾಸ ಮಾತ್ರ ಒಳಗಿರುತ್ತದೆ. ಚಿತ್ರಗಳ ಕಟ್ಟನ್ನು ಜೊತೆಗೆ ಕಳುಹಿಸದಿದ್ದರೆ ಇನ್ನೊಂದು ಯಂತ್ರದಲ್ಲಿ ಆ ವಿಳಾಸದಲ್ಲಿ ಮನೆಯೇ ಇಲ್ಲ.

ಆ ಚಳಿಗಾಲದಲ್ಲಿ ಉಳಿದ ಗೋಡೆಗಳಿಗಾಗಿ ನಕ್ಷೆಯನ್ನು ಹೊಸದಾಗಿ ತರಿಸಿದಾಗ ಅವನು ವಾಸ್ತುಶಿಲ್ಪಿಯಿಂದ ಮೂರು ವಸ್ತುಗಳನ್ನು ಬೇಡಿದನು. ಹ್ಯಾಚುಗಳ ಅಚ್ಚಿನ ಕಡತ, ಅದನ್ನು ಯಾವ ಅಳತೆಯಲ್ಲಿ ಬರೆದಿದೆಯೆಂಬ ಒಂದು ಸಾಲಿನೊಡನೆ. ತೋರಿಕೆಯ ಚಿತ್ರಗಳ ಕಟ್ಟು. ಎಲ್ಲಕ್ಕಿಂತ ಮುಖ್ಯವಾಗಿ ಸಾಮಗ್ರಿಗಳ ಪಟ್ಟಿ. ರೆವಿಟ್ ಈ ಪಟ್ಟಿಯನ್ನು ಬರಿಯ ಅಕ್ಷರಗಳ ಕಡತವಾಗಿ ಹೊರಡಿಸಬಲ್ಲದು. ಅದನ್ನು ಯಾವ ತಂತ್ರಾಂಶವಾದರೂ ಓದೀತು. ವಾಸ್ತುಶಿಲ್ಪಿಯೂ ತನ್ನ ಕಡೆಯಿಂದ ಮಣ್ಣು, ಕಲ್ಲು, ಇಟ್ಟಿಗೆಗಳ ಗೋಡೆಗಳಿಗೆ ಬೇರೆ ಬೇರೆ ಲೇಯರುಗಳನ್ನು ನಿಯಮಿಸಿ, ರೆವಿಟ್‌ನ ಯಾವ ಹ್ಯಾಚಿಗೆ ಆಟೋಕ್ಯಾಡಿನ ಯಾವುದು ಸರಿಯೆಂದು ಮೊದಲೇ ಜೋಡಿಸಿ ಕಳುಹಿಸಿದಳು.

ಇದಕ್ಕಿಂತ ದೊಡ್ಡ ಸೇತುವೆಯೊಂದನ್ನು ಕಟ್ಟುವ ಯತ್ನವು ಲೋಕದಲ್ಲಿ ನಡೆದಿದೆ. ಐ.ಎಫ್.ಸಿ. ಎಂಬ ಸಾಮಾನ್ಯ ಕಡತಕ್ರಮವೊಂದನ್ನು ಹಲವು ದೇಶಗಳವರು ಕೂಡಿ ಬೆಳೆಯಿಸಿ, 2013ರಲ್ಲಿ ಅದು ಐ.ಎಸ್.ಒ. 16739 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಗೋಡೆಯು ಗೋಡೆಯಾಗಿಯೇ ಹೋಗುತ್ತದೆ. ಪದರಗಳ ಹೆಸರೂ ದಪ್ಪವೂ ಜೊತೆಗೆ ಹೋಗುತ್ತವೆ. ಆದರೆ ಮೇಸ್ತ್ರಿಯ ಕೈಗೆ ಕೊನೆಗೆ ಬರುವುದು ಕಾಗದವೇ. ಆ ಕೊನೆಯ ಹೊಳೆಗೆ ಯಾವ ಮಾನಕದ ಸೇತುವೆಯೂ ಇಲ್ಲ. ಅಲ್ಲಿ ಒಬ್ಬ ಅಂಬಿಗನು ಬೇಕು.

ಆದುದರಿಂದ ನಕ್ಷೆಗಾರನು ಪ್ರತಿಯೊಂದು ಹಾಳೆಯ ಬಲಬದಿಯಲ್ಲಿ ಒಂದು ಕೋಷ್ಟಕವನ್ನು ಬರೆದನು. ಗೋಡೆಯ ಗುರುತು, ಸಾಮಗ್ರಿ, ಅದರ ಮಿಶ್ರಣ, ಅದರ ಬದಲಿಗೆ ಏನನ್ನು ಹಾಕಕೂಡದು; ಹೀಗೆ ನಾಲ್ಕು ಮನೆಗಳು. ಕನ್ನಡದಲ್ಲಿ ಬರೆದಾಗ ಮೊದಲು ಅಕ್ಷರಗಳೆಲ್ಲ ಪ್ರಶ್ನೆಯ ಚಿಹ್ನೆಗಳಾಗಿ ನಿಂತುವು, ಏಕೆಂದರೆ ಅವನು ಬಳಸುತ್ತಿದ್ದ ಹಳೆಯ ಗೆರೆಯಕ್ಷರಗಳ ಅಚ್ಚಿನಲ್ಲಿ ಕನ್ನಡವಿರಲಿಲ್ಲ. ಬೇರೆ ಅಚ್ಚನ್ನು ಹಾಕಿ ಸರಿಪಡಿಸಿದನು. ನಾಲ್ಕನೆಯ ಮನೆಯನ್ನು ಬರೆಯುವುದಕ್ಕೆ ಅವನಿಗೆ ಎರಡು ಸಂಜೆ ಹಿಡಿಯಿತು. ಏನು ಹಾಕಬೇಕೆಂಬುದನ್ನು ಕಡತದಿಂದ ತೆಗೆದುಕೊಳ್ಳಬಹುದು. ಏನು ಹಾಕಕೂಡದೆಂಬುದನ್ನು ತಿಳಿಯಬೇಕಾದರೆ ಮೇಸ್ತ್ರಿಯನ್ನೂ ಅಜ್ಜಿಯನ್ನೂ ಕೇಳಬೇಕಾಯಿತು.

ಮಾರ್ಚ್ ತಿಂಗಳಿನಲ್ಲಿ ಸುಣ್ಣವನ್ನು ಅರಳಿಸಿ ತೊಟ್ಟಿಯಲ್ಲಿ ನೆನೆಹಾಕಿ, ಬಡಗಣ ಗೋಡೆಯಿಂದಲೇ ಮತ್ತೆ ಕೆಲಸ ಹಿಡಿದರು. ಮಾಡಿನ ಒಂದು ಬದಿಯ ರೀಪುಗಳನ್ನು ಬದಲಾಯಿಸುವುದಕ್ಕಾಗಿ ಹೆಂಚುಗಳನ್ನು ಇಳಿಸಿ ಅಂಗಳದಲ್ಲಿ ಅಟ್ಟಿಹಾಕಿದ್ದರು. ನಕ್ಷೆಗಾರನು ಒಂದನ್ನು ತಿರುಗಿಸಿ ನೋಡಿದನು. ಬೆನ್ನಿನ ಮೇಲೆ ಬಾಸೆಲ್ ಮಿಷನ್ನಿನ ಹೆಸರು, ಮಂಗಳೂರಿನ ಹೆಸರು, 1865 ಎಂಬ ಅಂಕೆ, ಎಲ್ಲವೂ ನಿನ್ನೆ ಒತ್ತಿದಂತೆ ಇದ್ದುವು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನಿಯ ಮಿಷನರಿಯು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷವದು.

"ಅಷ್ಟು ಹಳೇ ಹೆಂಚಾ ಇದು?" ಎಂದು ಮೇಸ್ತ್ರಿಯ ಜೊತೆಯ ಹುಡುಗನು ಕೇಳಿದನು.

"ಅದು ಕಾರ್ಖಾನೆ ಹುಟ್ಟಿದ ವರ್ಷ ಕಣಪ್ಪ, ಹೆಂಚು ಸುಟ್ಟ ವರ್ಷ ಅಲ್ಲ" ಎಂದು ಮೇಸ್ತ್ರಿಯು ಹೇಳಿದನು. "ಬರೆದಿದ್ರೆ ಸಾಲದು, ಓದೋದೂ ಗೊತ್ತಿರಬೇಕು."

ನಕ್ಷೆಗಾರನು ನಕ್ಕು ಹೆಂಚನ್ನು ಅಟ್ಟಿಗೆ ಸೇರಿಸಿದನು. ಒಳಗಿನಿಂದ ಒದ್ದೆ ಸುಣ್ಣದ ವಾಸನೆ ಬರುತ್ತಿತ್ತು. ಬಡಗಣ ಕೋಣೆಯ ಬಾಗಿಲಿನಲ್ಲಿ ಯಜಮಾನಿತಿ ನಿಂತು, ಇನ್ನೂ ಹಸಿಯಾಗಿದ್ದ ಗೋಡೆಗೆ ಅಂಗೈಯನ್ನು ತಾಗಿಸದೆ, ಒಂದು ಬೆರಳಿನಷ್ಟು ದೂರದಲ್ಲಿ ಹಿಡಿದು ನೋಡುತ್ತಿದ್ದರು.